ಹವಾಮಾನ ಬೇರೆ, ವಾಯುಗುಣ ಬೇರೆ



ಮಳೆಗಾಲದ ಭಾನುವಾರ ಬಲಿಪೂಜೆ ಮುಗಿಸಿ ಹೊರಬಂದವರು ಮೊದಲು ನೋಡುವುದು ಆಕಾಶವನ್ನು. ಆಮೇಲೆ ಮಾತು ಶುರುವಾಗುತ್ತದೆ. "ಈಗಿನ ಹವಾಮಾನವೇ ಕೆಟ್ಟುಹೋಗಿದೆ, ನಮ್ಮ ಕಾಲದಲ್ಲಿ ಹೀಗಿರಲಿಲ್ಲ" ಎಂದು ಒಬ್ಬರು ಹೇಳುತ್ತಾರೆ. "ಹವಾಮಾನ ಯಾವಾಗ ಒಂದೇ ರೀತಿ ಇತ್ತು? ಆಗಲೂ ಬರ ಇತ್ತು, ನೆರೆ ಇತ್ತು. ಪೇಪರಿನವರು ಸುಮ್ಮನೆ ಹೆದರಿಸುತ್ತಾರೆ" ಎಂದು ಇನ್ನೊಬ್ಬರು. ಇಬ್ಬರ ಮಾತಿನಲ್ಲೂ ಸ್ವಲ್ಪ ನಿಜವಿದೆ. ಆದರೆ ಇಬ್ಬರೂ ಒಂದೇ ಪದವನ್ನು ಎರಡು ಬೇರೆ ಸಂಗತಿಗಳಿಗೆ ಬಳಸುತ್ತಿದ್ದಾರೆ.

ಶಾಲೆಯ ಪುಸ್ತಕ ತೆರೆದರೆ ಅಲ್ಲಿ ಎರಡು ಪದಗಳಿವೆ. ಇಂದು, ನಾಳೆ, ಈ ವಾರ ನಮ್ಮ ಊರಿನ ಗಾಳಿ, ಮಳೆ, ಬಿಸಿಲು ಹೇಗಿದೆ ಎಂಬುದು ಹವಾಮಾನ. ಹಲವಾರು ವರ್ಷಗಳ ಸರಾಸರಿಯಲ್ಲಿ ಅದೇ ಊರಿನ ಗಾಳಿ, ಮಳೆ, ಬಿಸಿಲಿನ ಸ್ವಭಾವ ಏನು ಎಂಬುದು ವಾಯುಗುಣ. ಪತ್ರಿಕೆಗಳು 'ಹವಾಮಾನ ಬದಲಾವಣೆ' ಎಂದು ಬರೆಯುತ್ತವೆ. ಹವಾಮಾನ ಬದಲಾಗುವುದರಲ್ಲಿ ಹೊಸದೇನಿದೆ? ಅದು ಬೆಳಿಗ್ಗೆ ಒಂದು, ಸಂಜೆ ಇನ್ನೊಂದು. ವಿಜ್ಞಾನಿಗಳು ಆತಂಕದಿಂದ ಹೇಳುತ್ತಿರುವುದು ವಾಯುಗುಣ ಬದಲಾಗುತ್ತಿದೆ ಎಂದು. ಪದದ ಈ ಗೊಂದಲ ಸಣ್ಣದೆಂದು ಕಾಣಬಹುದು, ಆದರೆ ಅದರಿಂದ ಆಗುವ ತಪ್ಪುಗಳು ಸಣ್ಣವಲ್ಲ. ಈ ಸಂಚಿಕೆಯಲ್ಲಿ ಅದನ್ನೇ ಸ್ವಲ್ಪ ಬಿಡಿಸಿ ನೋಡೋಣ.

ಗಾಳಿಯ ಕಡಲಿನ ತಳದಲ್ಲಿ

ನಾವೆಲ್ಲರೂ ಗಾಳಿಯ ಒಂದು ದೊಡ್ಡ ಕಡಲಿನ ತಳದಲ್ಲಿ ಬದುಕುತ್ತಿದ್ದೇವೆ. ಇಟಲಿಯ ಟೊರಿಸೆಲ್ಲಿ 1644ರಲ್ಲೇ ಒಂದು ಪತ್ರದಲ್ಲಿ ಈ ವಿಚಾರವನ್ನು ಬರೆದಿದ್ದರು. ಅದನ್ನು ಪರೀಕ್ಷಿಸಿ ನೋಡಲು ಹೊರಟವರು ಫ್ರಾನ್ಸಿನ ಬ್ಲೇಸ್ ಪಾಸ್ಕಲ್. 1648ರ ಸೆಪ್ಟೆಂಬರಿನಲ್ಲಿ ಅವರ ಭಾವ ಪೆರಿಯೆ ಪಾದರಸ ತುಂಬಿದ ಗಾಜಿನ ಕೊಳವೆಯನ್ನು ಪುಯ್ ದ ದೋಮ್ ಎಂಬ ಬೆಟ್ಟದ ತುದಿಗೆ ಒಯ್ದರು. ಬುಡದಲ್ಲಿದ್ದುದಕ್ಕಿಂತ ಅಲ್ಲಿ ಪಾದರಸ ಸುಮಾರು 8 ಸೆಂಟಿಮೀಟರ್ ಕೆಳಗಿಳಿದಿತ್ತು. ಕೆಳಗಿನ ಊರಿನ ಮಠದಲ್ಲಿ ಇನ್ನೊಂದು ಕೊಳವೆಯನ್ನು ನಿಲ್ಲಿಸಿ, ಅದನ್ನು ದಿನವಿಡೀ ನೋಡುತ್ತಿರಲು ಒಬ್ಬ ಸನ್ಯಾಸಿ ಗುರುವನ್ನು ಕೂರಿಸಿದ್ದರು. ಅಲ್ಲಿ ಪಾದರಸ ಕದಲಲೇ ಇಲ್ಲ. ಮೇಲೆ ಹೋದಂತೆ ನಮ್ಮ ತಲೆಯ ಮೇಲಿನ ಗಾಳಿ ಕಡಿಮೆ, ಅದರ ಭಾರವೂ ಕಡಿಮೆ ಎಂಬುದು ಹೀಗೆ ಸಾಬೀತಾಯಿತು.

ಆ ಭಾರ ಎಷ್ಟು ಗೊತ್ತೇ? ಸಮುದ್ರ ಮಟ್ಟದಲ್ಲಿ ಪ್ರತಿ ಚದರ ಸೆಂಟಿಮೀಟರಿನ ಮೇಲೆ ಸುಮಾರು 1 ಕಿಲೋ. ನಮ್ಮೊಳಗಿನಿಂದಲೂ ಅಷ್ಟೇ ಒತ್ತಡ ಇರುವುದರಿಂದ ಅದು ನಮಗೆ ತಿಳಿಯುವುದಿಲ್ಲ. ನೀಲಗಿರಿಯ ನಮ್ಮ ಕುಟುಂಬಗಳ ಅಡುಗೆಮನೆಯಲ್ಲಿ ಮಾತ್ರ ಇದು ದಿನವೂ ಕಾಣುತ್ತದೆ. ಉದಕಮಂಡಲ ಸುಮಾರು 2,240 ಮೀಟರ್ ಎತ್ತರದಲ್ಲಿದೆ. ಅಲ್ಲಿ ಗಾಳಿಯ ಒತ್ತಡ ಕಾಸರಗೋಡಿನ ಕಡಲತೀರದ ಮುಕ್ಕಾಲಿನಷ್ಟು ಮಾತ್ರ. ಆದ್ದರಿಂದ ನೀರು 100 ಡಿಗ್ರಿಗೆ ಬದಲಾಗಿ 92-93 ಡಿಗ್ರಿಯಲ್ಲೇ ಕುದಿಯುತ್ತದೆ. ಬೇಳೆ ಬೇಯಲು ತಡವಾಗುವುದು, ಕುಕ್ಕರ್ ಇಲ್ಲದೆ ಕಷ್ಟವಾಗುವುದು ಇದಕ್ಕೇ.

ತೇವಾಂಶವನ್ನು ಬಿಟ್ಟು ಲೆಕ್ಕ ಹಾಕಿದರೆ ಗಾಳಿಯಲ್ಲಿ ಶೇ. 78 ಸಾರಜನಕ, ಶೇ. 21 ಆಮ್ಲಜನಕ. ಉಳಿದ ಶೇ. 1ರಲ್ಲಿ ಹೆಚ್ಚಿನದು ಆರ್ಗಾನ್. ಇಂಗಾಲದ ಡೈಆಕ್ಸೈಡ್ ಶೇ. 0.04 ಮಾತ್ರ. ಇದರ ಜೊತೆಗೆ ಊರು, ಕಾಲಕ್ಕೆ ತಕ್ಕಂತೆ ಶೇ. 4ರವರೆಗೆ ನೀರಾವಿ. ಮಳೆ, ಮೋಡ, ಸಿಡಿಲು ಎಲ್ಲವೂ ಹೆಚ್ಚುಕಡಿಮೆ ಕೆಳಗಿನ ಪದರದಲ್ಲೇ ನಡೆಯುತ್ತವೆ. ನಮ್ಮ ಭಾಗದಲ್ಲಿ ಅದರ ದಪ್ಪ ಸುಮಾರು 16 ಕಿಲೋಮೀಟರ್. ರಸ್ತೆಯಲ್ಲಾದರೆ ಅರ್ಧ ಗಂಟೆಯ ದಾರಿ! ನಮ್ಮ ಬದುಕೆಲ್ಲ ಈ ತೆಳು ಹೊದಿಕೆಯನ್ನು ನಂಬಿದೆ.

ಒಂದೇ ಮುಂಗಾರು, ಎರಡು ಊರು

ಬೆಟ್ಟದ ಮೇಲೆ ಸೂರ್ಯ ಹತ್ತಿರವಲ್ಲವೇ, ಹಾಗಾದರೆ ಅಲ್ಲಿ ಚಳಿ ಏಕೆ ಎಂದು ಮಕ್ಕಳು ಕೇಳುತ್ತಾರೆ. ಒಳ್ಳೆಯ ಪ್ರಶ್ನೆ. ಸೂರ್ಯನ ಬಿಸಿಲು ಗಾಳಿಯನ್ನು ನೇರವಾಗಿ ಕಾಯಿಸುವುದು ಕಡಿಮೆ. ಮೊದಲು ನೆಲ ಕಾಯುತ್ತದೆ, ನೆಲದಿಂದ ಗಾಳಿ ಕಾಯುತ್ತದೆ. ಕಾದ ಗಾಳಿ ಮೇಲೇರುತ್ತದೆ. ಮೇಲೆ ಒತ್ತಡ ಕಡಿಮೆಯಾದ್ದರಿಂದ ಅದು ಹಿಗ್ಗುತ್ತದೆ, ಹಿಗ್ಗುತ್ತಾ ತಣ್ಣಗಾಗುತ್ತದೆ. ಸೈಕಲ್ ಟಯರಿನಿಂದ ಗಾಳಿ ಬಿಟ್ಟಾಗ ಬೆರಳಿಗೆ ತಂಪಾಗುವುದೂ, ಪಂಪು ಹೊಡೆಯುವಾಗ ಅದರ ತುದಿ ಬಿಸಿಯಾಗುವುದೂ ಇದೇ ಕಾರಣಕ್ಕೆ. ಸರಾಸರಿ ಒಂದು ಕಿಲೋಮೀಟರ್ ಎತ್ತರಕ್ಕೆ 6.5 ಡಿಗ್ರಿ ಸೆಲ್ಸಿಯಸ್ ಇಳಿಯುತ್ತದೆ.

ಈ ಒಂದು ಸೂತ್ರ ಗೊತ್ತಾದರೆ ನಮ್ಮ ಮುಂಗಾರಿನ ಅರ್ಧ ಕಥೆ ಗೊತ್ತಾದಂತೆ. ಏಪ್ರಿಲ್-ಮೇ ತಿಂಗಳಲ್ಲಿ ಉಪಖಂಡದ ನೆಲ ಕಾದು ವಾಯವ್ಯ ಭಾಗದಲ್ಲಿ ಒತ್ತಡ ಕುಸಿಯುತ್ತದೆ. ಕಡಲು ನೆಲದಷ್ಟು ಬೇಗ ಕಾಯುವುದಿಲ್ಲ. ಹೆಚ್ಚು ಒತ್ತಡವಿರುವ ದಕ್ಷಿಣದ ಹಿಂದೂ ಮಹಾಸಾಗರದಿಂದ ಗಾಳಿ ಇತ್ತ ಹರಿಯತೊಡಗುತ್ತದೆ. ಭೂಮಿ ತಿರುಗುತ್ತಿರುವುದರಿಂದ ಅದು ಸಮಭಾಜಕವನ್ನು ದಾಟಿದ ಮೇಲೆ ಬಲಕ್ಕೆ ಬಾಗಿ ನೈಋತ್ಯ ದಿಕ್ಕಿನ ಗಾಳಿಯಾಗುತ್ತದೆ. ಅರಬ್ಬಿ ಸಮುದ್ರದ ಮೇಲೆ ಬರುವಾಗ ನೀರಾವಿಯನ್ನು ಹೊತ್ತುಕೊಳ್ಳುತ್ತದೆ. ಎದುರಿಗೆ ಪಶ್ಚಿಮ ಘಟ್ಟ. ಗಾಳಿ ಹತ್ತಲೇಬೇಕು. ಹತ್ತಿದಂತೆ ಹಿಗ್ಗಿ ತಣ್ಣಗಾಗುತ್ತದೆ, ತಣ್ಣಗಾದ ಗಾಳಿ ಅಷ್ಟು ನೀರಾವಿಯನ್ನು ಹಿಡಿದಿಟ್ಟುಕೊಳ್ಳಲಾರದು, ಮಳೆಯಾಗಿ ಸುರಿಯುತ್ತದೆ. ಘಟ್ಟ ದಾಟಿ ಪೂರ್ವಕ್ಕೆ ಇಳಿಯುವಾಗ ಇದಕ್ಕೆ ವಿರುದ್ಧ. ಗಾಳಿ ಒತ್ತಿಕೊಂಡು ಬಿಸಿಯಾಗುತ್ತದೆ, ಮೋಡ ಕರಗುತ್ತದೆ.

ಈ ಪತ್ರಿಕೆ ಓದುವ ಕುಟುಂಬಗಳು ಘಟ್ಟದ ಎರಡೂ ಕಡೆ ಇವೆ. ಕಾಸರಗೋಡಿನಲ್ಲಿ ವರ್ಷಕ್ಕೆ ಸುಮಾರು 3,500 ಮಿಲಿಮೀಟರ್ ಮಳೆ. ಅಲ್ಲಿಂದ ಹಕ್ಕಿ ಹಾರಿದಂತೆ ಲೆಕ್ಕ ಹಾಕಿದರೆ ಮುನ್ನೂರು ಚಿಲ್ಲರೆ ಕಿಲೋಮೀಟರ್ ದೂರದ ರಾಯದುರ್ಗ ಇರುವ ಅನಂತಪುರ ಜಿಲ್ಲೆಯಲ್ಲಿ ಸುಮಾರು 550 ಮಿಲಿಮೀಟರ್. ಆರು ಪಾಲಿನಲ್ಲಿ ಒಂದು ಪಾಲು! ಸೊಲ್ಲಾಪುರ, ಜತ್ತದ ಬಯಲೂ ಇದೇ ಮಳೆ ನೆರಳಿನ ನೆಲ. ಒಬ್ಬರಿಗೆ ಅಂಗಳದ ನೀರನ್ನು ಹೊರಹಾಕುವ ಚಿಂತೆ, ಇನ್ನೊಬ್ಬರಿಗೆ ಶೇಂಗಾ ಬಿತ್ತಲು ಹದ ಮಳೆ ಬಂದೀತೇ ಎಂಬ ಚಿಂತೆ. ಗಾಳಿ ಮಾತ್ರ ಒಂದೇ.

ದಿನದ ಲೆಕ್ಕ, ಮೂವತ್ತು ವರ್ಷದ ಲೆಕ್ಕ

'ಕಾಸರಗೋಡಿನಲ್ಲಿ 3,500 ಮಿಲಿಮೀಟರ್' ಎಂಬ ಮಾತು ಹವಾಮಾನದ್ದಲ್ಲ, ವಾಯುಗುಣದ್ದು. ಯಾವುದೋ ಒಂದು ವರ್ಷ 3,000 ಇರಬಹುದು, ಇನ್ನೊಂದು ವರ್ಷ 4,000 ಇರಬಹುದು. ಕನಿಷ್ಠ 30 ವರ್ಷಗಳ ಲೆಕ್ಕವನ್ನು ಕೂಡಿಸಿ ಭಾಗಿಸಿದಾಗ ಸಿಗುವುದನ್ನೇ ಪ್ರಪಂಚದೆಲ್ಲೆಡೆ ವಾಡಿಕೆಯ ಪ್ರಮಾಣ ಎನ್ನುತ್ತಾರೆ.

ಮುಂಗಾರು ಕೇರಳಕ್ಕೆ ಕಾಲಿಡುವ ವಾಡಿಕೆಯ ದಿನ ಜೂನ್ 1. ಆದರೆ 2023ರಲ್ಲಿ ಅದು ಬಂದದ್ದು ಜೂನ್ 8ಕ್ಕೆ, 2025ರಲ್ಲಿ ಮೇ 24ಕ್ಕೆ. ನಡುವೆ 15 ದಿನಗಳ ವ್ಯತ್ಯಾಸ. 2023ರಲ್ಲಿ "ಮುಂಗಾರು ತಡವಾಗತೊಡಗಿದೆ, ವಾಯುಗುಣ ಬದಲಾಯಿತು" ಎಂದವರು 2025ರಲ್ಲಿ ಏನು ಹೇಳಬೇಕು? ಒಂದು ವರ್ಷದ ಏರುಪೇರು ಯಾವುದನ್ನೂ ಸಾಬೀತು ಮಾಡುವುದಿಲ್ಲ. ಅಂಗಡಿಯವರಿಗೆ ಇದು ಚೆನ್ನಾಗಿ ಗೊತ್ತು. ಒಂದು ದಿನದ ವ್ಯಾಪಾರ ನೋಡಿ ಅವರು ಅಂಗಡಿ ಮುಚ್ಚುವುದೂ ಇಲ್ಲ, ಹೊಸ ಅಂಗಡಿ ತೆರೆಯುವುದೂ ಇಲ್ಲ. ಹಲವು ವರ್ಷಗಳ ಖಾತೆ ಪುಸ್ತಕ ಇಳಿಮುಖವಾಗಿದೆ ಎಂದು ಕಂಡಾಗ ಮಾತ್ರ ನಿದ್ದೆ ಬಿಡುತ್ತಾರೆ.

ನಮ್ಮ ಹಿರಿಯರಲ್ಲಿ ಮಳೆಮಾಪಕ ಇರಲಿಲ್ಲ, ಆದರೂ ಅವರ ಬಳಿ ವಾಯುಗುಣದ ಖಾತೆ ಪುಸ್ತಕ ಇತ್ತು. ಮಳೆ ನಕ್ಷತ್ರಗಳೆಂದರೆ ಅದೇ. ಸೂರ್ಯನ ಚಲನೆಗೆ ಹೊಂದಿಸಿ ವರ್ಷವನ್ನು 13-14 ದಿನಗಳ ತುಂಡುಗಳಾಗಿ ಮಾಡಿ ರೋಹಿಣಿ, ಮೃಗಶಿರಾ, ಆರಿದ್ರಾ, ಪುನರ್ವಸು ಎಂದು ಹೆಸರಿಟ್ಟು, ಯಾವ ತುಂಡಿನಲ್ಲಿ ಉಳುವುದು, ಯಾವುದರಲ್ಲಿ ಬಿತ್ತುವುದು ಎಂದು ತಲೆಮಾರುಗಳ ಅನುಭವದಿಂದ ಗೊತ್ತುಮಾಡಿದ್ದರು. ಮೃಗಶಿರಾ ಮಳೆ ಜೂನ್ 7-8ರ ಹೊತ್ತಿಗೆ ಶುರು. ಮುಂಗಾರು ನಮ್ಮ ಸೀಮೆಯಲ್ಲಿ ನೆಲೆಯೂರುವುದೂ ಆಗಲೇ. ಕರಾವಳಿಯ ನಮ್ಮ ಕುಟುಂಬಗಳು ಸೆಪ್ಟೆಂಬರ್ 8ರಂದು ಆಚರಿಸುವ ತೆನೆ ಹಬ್ಬವನ್ನೇ ನೋಡಿ. ಜೂನ್ ಮಳೆಗೆ ನಾಟಿಯಾದ ಗದ್ದೆಯಲ್ಲಿ ಅಷ್ಟು ಹೊತ್ತಿಗೆ ತೆನೆ ಮೂಡಿರುತ್ತದೆ ಎಂಬ ಭರವಸೆಯ ಮೇಲೆ ಹೊಸ ಅಕ್ಕಿಯ ಊಟ ನಿಂತಿದೆ. ನಮ್ಮ ಕ್ಯಾಲೆಂಡರ್, ಮನೆಯ ಮಾಡಿನ ಇಳಿಜಾರು, ಬಾವಿಯ ಆಳ, ಸೇತುವೆಯ ಎತ್ತರ ಎಲ್ಲವೂ ವಾಯುಗುಣವನ್ನು ನಂಬಿ ಮಾಡಿದವುಗಳೇ.

ಮುನ್ಸೂಚನೆ ಸುಳ್ಳಾಯಿತೇ?

ಹವಾಮಾನದ ವಿಷಯ ಬೇರೆ. ಅಲ್ಲಿ ನಂಬಬೇಕಾದದ್ದು ನಾಳೆಯ ಮುನ್ಸೂಚನೆಯನ್ನು. ಆದರೆ "ಹೋದ ಸಲ ಆರೆಂಜ್ ಅಲರ್ಟ್ ಕೊಟ್ಟರು, ಶಾಲೆಗೆ ರಜೆ ಕೊಟ್ಟರು, ಹನಿ ಬೀಳಲಿಲ್ಲ" ಎಂಬ ನಗೆಮಾತು ಪ್ರತಿ ಊರಿನಲ್ಲೂ ಇದೆ.

ಮೊದಲು ಬಣ್ಣಗಳ ಅರ್ಥ ತಿಳಿಯೋಣ. ಹಸಿರು ಎಂದರೆ ಚಿಂತೆಯಿಲ್ಲ. ಹಳದಿ ಎಂದರೆ ಗಮನವಿರಲಿ. ಕಿತ್ತಳೆ ಎಂದರೆ ಸಿದ್ಧರಾಗಿ. ಕೆಂಪು ಎಂದರೆ ಕ್ರಮ ಕೈಗೊಳ್ಳಿ. ಒಂದು ದಿನದಲ್ಲಿ 64.5 ಮಿಲಿಮೀಟರ್ ದಾಟಿದರೆ ಹವಾಮಾನ ಇಲಾಖೆ ಅದನ್ನು ಭಾರಿ ಮಳೆ ಎನ್ನುತ್ತದೆ, 115.6ರಿಂದ ಅತಿ ಭಾರಿ, 204.5ರಿಂದ ಅತ್ಯಂತ ಭಾರಿ. ಒಂದು ಮಿಲಿಮೀಟರ್ ಮಳೆ ಎಂದರೆ ಒಂದು ಚದರ ಮೀಟರ್ ಜಾಗದಲ್ಲಿ ಒಂದು ಲೀಟರ್ ನೀರು. ಒಂದು ದಿನ 100 ಮಿಲಿಮೀಟರ್ ಬಿದ್ದರೆ 1,000 ಚದರ ಅಡಿಯ ಮಾಡಿನಿಂದ 9,000 ಲೀಟರಿಗೂ ಹೆಚ್ಚು, ಒಂದು ಎಕರೆ ತೋಟದಲ್ಲಿ 4 ಲಕ್ಷ ಲೀಟರ್ ನೀರು. ಇಳಿಜಾರಿನ ಮೇಲಿನ ಮಣ್ಣು ಇಷ್ಟನ್ನು ಕುಡಿದು ನಿಲ್ಲಬೇಕು.

ಇನ್ನು, ಎಚ್ಚರಿಕೆ ಕೊಡುವುದು ಇಡೀ ಜಿಲ್ಲೆಗೆ. ಜೋರು ಮಳೆ ತರುವ ಮೋಡದ ಅಗಲ ಕೆಲವೇ ಕಿಲೋಮೀಟರ್ ಇರಬಹುದು. ಮಂಜೇಶ್ವರದಲ್ಲಿ ಸುರಿದು ನೀಲೇಶ್ವರದಲ್ಲಿ ಬಿಸಿಲಿದ್ದರೆ ಮುನ್ಸೂಚನೆ ಸುಳ್ಳಾಗಲಿಲ್ಲ.

ಇದಕ್ಕಿಂತ ಆಳವಾದ ಕಾರಣವೂ ಒಂದಿದೆ. 1961ರಲ್ಲಿ ಅಮೆರಿಕದ ಎಡ್ವರ್ಡ್ ಲೊರೆಂಜ್ ಎಂಬ ವಿಜ್ಞಾನಿ ಕಂಪ್ಯೂಟರಿನಲ್ಲಿ ಗಾಳಿಯ ಚಲನೆಯ ಲೆಕ್ಕ ಮಾಡುತ್ತಿದ್ದರು. ಒಂದು ಲೆಕ್ಕವನ್ನು ಮಧ್ಯದಿಂದ ಮತ್ತೆ ಓಡಿಸಲು 0.506127 ಎಂಬ ಸಂಖ್ಯೆಯ ಬದಲು ಕಾಗದದಲ್ಲಿ ಅಚ್ಚಾಗಿದ್ದ 0.506ನ್ನು ಕೊಟ್ಟು ಕಾಫಿ ಕುಡಿಯಲು ಹೋದರು. ತಿರುಗಿ ಬಂದು ನೋಡಿದರೆ ಮೊದಲಿನ ಹವಾಮಾನಕ್ಕೂ ಇದಕ್ಕೂ ಸಂಬಂಧವೇ ಇರಲಿಲ್ಲ! ಆರಂಭದಲ್ಲಿ ಎಳ್ಳಷ್ಟು ವ್ಯತ್ಯಾಸ ಇದ್ದರೂ ದಿನಗಳು ಕಳೆದಂತೆ ಅದು ಗುಡ್ಡವಾಗುತ್ತದೆ. ಆದ್ದರಿಂದಲೇ ಎರಡು ವಾರಕ್ಕಿಂತ ಆಚೆಯ ಇಂಥ ದಿನ ಇಂಥ ಊರಿನಲ್ಲಿ ಮಳೆ ಎಂದು ಯಾರೂ ಖಚಿತವಾಗಿ ಹೇಳಲಾರರು. ಹಾಗೆ ಹೇಳುವ ವಾಟ್ಸ್ಯಾಪ್ ಸಂದೇಶಗಳನ್ನು ನಂಬಬೇಡಿ. ಎರಡು-ಮೂರು ದಿನದ ಮುನ್ಸೂಚನೆಯ ಮಾತು ಬೇರೆ, ಅದನ್ನು ನಂಬಿ ಕೆಲಸ ಮಾಡಬಹುದು.

ನಂಬಿದ್ದರಿಂದ ಏನಾಗುತ್ತದೆ ಎಂಬುದಕ್ಕೆ ಒಡಿಶಾ ಸಾಕ್ಷಿ. 1999ರ ಅಕ್ಟೋಬರಿನ ಮಹಾ ಚಂಡಮಾರುತಕ್ಕೆ ಅಲ್ಲಿ ಸುಮಾರು 10,000 ಜನ ಸತ್ತರು. 2013ರ ಅಕ್ಟೋಬರಿನಲ್ಲಿ ಫೈಲಿನ್ ಎಂಬ ಭಾರಿ ಚಂಡಮಾರುತ ಬಂತು. ಮುನ್ಸೂಚನೆಯನ್ನು ನಂಬಿ ಲಕ್ಷಾಂತರ ಜನರನ್ನು ಮೊದಲೇ ಸಾಗಿಸಿದ್ದರು. ಸತ್ತವರ ಸಂಖ್ಯೆ ನೂರನ್ನೂ ಮುಟ್ಟಲಿಲ್ಲ. ಎಚ್ಚರಿಕೆ ಸಿಗದೆ ಹೋದರೆ, ತಲುಪದೆ ಹೋದರೆ ಏನಾಗುತ್ತದೆ ಎಂಬುದನ್ನು 2017ರ ನವೆಂಬರ್ ಕೊನೆಯ ಓಖಿ ಚಂಡಮಾರುತ ತೋರಿಸಿತು. ಕೇರಳ, ಕನ್ಯಾಕುಮಾರಿಯ ಕರಾವಳಿಯಿಂದ ಕಡಲಿಗಿಳಿದಿದ್ದ ನೂರಾರು ಮೀನುಗಾರರು ಮರಳಿ ಬರಲಿಲ್ಲ. ಹತ್ತು ಸಲ ಎಚ್ಚರಿಕೆ ಬಂದು ಎಂಟು ಸಲ ಏನೂ ಆಗದಿದ್ದರೆ ನಾವು ಕಳೆದುಕೊಳ್ಳುವುದು ಎಂಟು ದಿನದ ಕೆಲಸ. ಉಳಿದ ಎರಡು ಸಲ ಉಳಿಸಿಕೊಳ್ಳುವುದು ಮನೆಯವರನ್ನು.

ಖಾತೆ ಪುಸ್ತಕವೇ ಬದಲಾದರೆ

ಈಗ ವಾಯುಗುಣದ ಕಡೆಗೆ ಮರಳೋಣ. ಸೂರ್ಯನಿಂದ ಬಂದ ಶಾಖವನ್ನು ಭೂಮಿ ಮತ್ತೆ ಆಕಾಶಕ್ಕೆ ಬಿಡುತ್ತದೆ. ದಾರಿಯಲ್ಲಿ ನೀರಾವಿ, ಇಂಗಾಲದ ಡೈಆಕ್ಸೈಡ್, ಮೀಥೇನ್‌ನಂತಹ ಅನಿಲಗಳು ಅದರಲ್ಲಿ ಸ್ವಲ್ಪವನ್ನು ತಡೆದು ಹಿಂದಕ್ಕೆ ಕಳಿಸುತ್ತವೆ. ಈ ಕಂಬಳಿ ಇಲ್ಲದಿದ್ದರೆ ಭೂಮಿಯ ಸರಾಸರಿ ಉಷ್ಣತೆ ಸೊನ್ನೆಗಿಂತ 18 ಡಿಗ್ರಿ ಕೆಳಗಿರುತ್ತಿತ್ತು. ಇರುವುದರಿಂದ ಸುಮಾರು 15 ಡಿಗ್ರಿ. ಕಂಬಳಿ ಕೆಟ್ಟದ್ದಲ್ಲ, ಅದು ದಪ್ಪವಾಗುತ್ತಿರುವುದೇ ತೊಂದರೆ. ಕಾರ್ಖಾನೆಗಳ ಯುಗಕ್ಕೆ ಮೊದಲು ಹತ್ತು ಲಕ್ಷ ಭಾಗ ಗಾಳಿಯಲ್ಲಿ ಇಂಗಾಲದ ಡೈಆಕ್ಸೈಡ್ ಸುಮಾರು 280 ಭಾಗ ಇತ್ತು. ಹವಾಯಿ ದ್ವೀಪದ ಬೆಟ್ಟವೊಂದರ ಮೇಲೆ 1958ರಲ್ಲಿ ಚಾರ್ಲ್ಸ್ ಕೀಲಿಂಗ್ ಅಳೆಯಲು ಶುರು ಮಾಡಿದಾಗ ಸುಮಾರು 315. 2024ರಲ್ಲಿ 420ನ್ನು ದಾಟಿತ್ತು. ಕಲ್ಲಿದ್ದಲು, ಎಣ್ಣೆ, ಅನಿಲ ಸುಟ್ಟದ್ದು, ಕಾಡು ಕಡಿದದ್ದು ಇದರ ಮುಖ್ಯ ಕಾರಣ.

19ನೇ ಶತಮಾನದ ಉತ್ತರಾರ್ಧಕ್ಕೆ ಹೋಲಿಸಿದರೆ 2024ರಲ್ಲಿ ಭೂಮಿ ಸುಮಾರು 1.55 ಡಿಗ್ರಿ ಹೆಚ್ಚು ಬಿಸಿಯಾಗಿತ್ತು. ಅಳತೆ ಶುರುವಾದಂದಿನಿಂದ ಅಷ್ಟು ಬಿಸಿಯ ವರ್ಷ ಅದುವರೆಗೆ ಬಂದಿರಲಿಲ್ಲ. ಒಂದು ವರ್ಷದ ಲೆಕ್ಕ ಸಾಲದು ಎಂದು ಮೇಲೆ ಹೇಳಿದೆವಲ್ಲ, ಆ ಮಾತು ಇಲ್ಲಿಗೂ ಸಲ್ಲುತ್ತದೆ. ಆದರೆ 2015ರಿಂದ 2024ರವರೆಗಿನ ಹತ್ತು ವರ್ಷಗಳೇ ಅದುವರೆಗಿನ ದಾಖಲೆಯ ಅತಿ ಬಿಸಿಯ ಹತ್ತು ವರ್ಷಗಳು ಎಂದಾಗ ಅದು ಏರುಪೇರಲ್ಲ, ಖಾತೆಯೇ ಬದಲಾಗಿದೆ. ಒಂದೂವರೆ ಡಿಗ್ರಿ ಏನು ಮಹಾ ಎನಿಸಬಹುದು. ಹಿಂದಿನ ಹಿಮಯುಗದಲ್ಲಿ ಉತ್ತರ ಅಮೆರಿಕ, ಯುರೋಪಿನ ದೊಡ್ಡ ಭಾಗ ಮಂಜುಗಡ್ಡೆಯಡಿ ಇದ್ದಾಗ ಭೂಮಿಯ ಸರಾಸರಿ ಉಷ್ಣತೆ ಸುಮಾರು 5-6 ಡಿಗ್ರಿ ಮಾತ್ರ ಕಡಿಮೆಯಿತ್ತು.

ನಮ್ಮ ಮಳೆಗೂ ಇದಕ್ಕೂ ಏನು ಸಂಬಂಧ? ಗಾಳಿ ಒಂದು ಡಿಗ್ರಿ ಬಿಸಿಯಾದರೆ ಅದು ಸುಮಾರು ಶೇ. 7ರಷ್ಟು ಹೆಚ್ಚು ನೀರಾವಿ ಹಿಡಿಯಬಲ್ಲದು. ಹಿಡಿದದ್ದನ್ನು ಒಮ್ಮೆಲೇ ಸುರಿದಾಗ ಮಳೆ ಇನ್ನಷ್ಟು ರಭಸ. 2024ರ ಜುಲೈ 30ರ ನಸುಕಿನಲ್ಲಿ ವಯನಾಡಿನ ಮುಂಡಕ್ಕೈ, ಚೂರಲ್‌ಮಲ ಊರುಗಳ ಮೇಲೆ ಗುಡ್ಡ ಕುಸಿಯಿತು. ಅದಕ್ಕೆ ಮುಂಚಿನ 48 ಗಂಟೆಗಳಲ್ಲಿ ಹತ್ತಿರದ ಮಳೆಮಾಪಕದಲ್ಲಿ 570 ಮಿಲಿಮೀಟರಿಗೂ ಹೆಚ್ಚು ಮಳೆ ದಾಖಲಾಗಿತ್ತು. ರಾಯದುರ್ಗದ ಇಡೀ ವರ್ಷದ ಮಳೆ ಎರಡು ದಿನದಲ್ಲಿ! 250ಕ್ಕೂ ಹೆಚ್ಚು ಜನ ನಿದ್ದೆಯಿಂದ ಏಳಲಿಲ್ಲ. ಇದನ್ನು ಪರಿಶೀಲಿಸಿದ ಅಂತರರಾಷ್ಟ್ರೀಯ ವಿಜ್ಞಾನಿಗಳ ತಂಡವೊಂದು, ಭೂಮಿ ಬಿಸಿಯಾಗದೆ ಇದ್ದಿದ್ದರೆ ಆ ದಿನ ಬೀಳಬಹುದಾಗಿದ್ದ ಮಳೆಗಿಂತ ಸುಮಾರು ಶೇ. 10ರಷ್ಟು ಹೆಚ್ಚು ಬಿತ್ತು ಎಂದು ಅಂದಾಜು ಮಾಡಿತು.

ಈ ಮಾತನ್ನು ಎಚ್ಚರದಿಂದ ಓದಬೇಕು. ಆ ಮಳೆಯನ್ನು ತಂದದ್ದು ಹವಾಮಾನ. ಅದಕ್ಕೆ ಇನ್ನೊಂದು ಹೊರೆ ಸೇರಿಸಿದ್ದು ಬದಲಾದ ವಾಯುಗುಣ. ಕಡಿದಾದ ಇಳಿಜಾರು, ನೀರು ಕುಡಿದ ಮಣ್ಣು, ನಾವು ನೆಲವನ್ನು ಬಳಸಿದ ರೀತಿ ಇವೂ ಜೊತೆಗಿದ್ದವು. ಎಲ್ಲವನ್ನೂ ವಾಯುಗುಣದ ತಲೆಗೆ ಕಟ್ಟಿ ಕೈತೊಳೆದುಕೊಳ್ಳುವುದು ಎಷ್ಟು ತಪ್ಪೋ, "ಮೊದಲೂ ಗುಡ್ಡ ಕುಸಿದಿತ್ತು" ಎಂದು ಸುಮ್ಮನಿರುವುದೂ ಅಷ್ಟೇ ತಪ್ಪು. 100 ವರ್ಷದ ಮಳೆಯನ್ನು ನೋಡಿ ಕಟ್ಟಿದ ಚರಂಡಿ, ಮೋರಿ, ಮನೆಯ ಜಾಗ ಮುಂದಿನ ಮಳೆಗೆ ಸಾಲದೆ ಹೋಗಬಹುದು.

ಮನೆಯಲ್ಲೊಂದು ಮಳೆಯ ಖಾತೆ

ಕೊನೆಗೆ ಮನೆಯಲ್ಲೇ ಮಾಡಬಹುದಾದ ಕೆಲವು ಕೆಲಸಗಳು. ಮಳೆಗಾಲದಲ್ಲಿ ದಿನಕ್ಕೊಮ್ಮೆ ಹವಾಮಾನ ಇಲಾಖೆಯ ನಿಮ್ಮ ಜಿಲ್ಲೆಯ ಎಚ್ಚರಿಕೆಯನ್ನು ರೇಡಿಯೋದಲ್ಲಿ ಕೇಳಿ ಅಥವಾ ಮೊಬೈಲಿನಲ್ಲಿ ನೋಡಿ. ಇಳಿಜಾರಿನಲ್ಲಿ ಮನೆಯಿದ್ದು ಕೆಂಪು ಎಚ್ಚರಿಕೆ ಬಂದರೆ ರಾತ್ರಿ ಬೇರೆ ಎಲ್ಲಿ ತಂಗಬೇಕೆಂದು ಮಳೆಗಾಲಕ್ಕೆ ಮೊದಲೇ ಮನೆಯವರೆಲ್ಲ ಮಾತಾಡಿಕೊಂಡಿರಿ. ಗೋಡೆ ಅಥವಾ ನೆಲ ಬಿರುಕು ಬಿಟ್ಟರೆ, ತೋಡಿನ ನೀರು ಏಕಾಏಕಿ ಕೆಸರಾದರೆ ಅಥವಾ ನಿಂತುಹೋದರೆ ಯಾವ ಬಣ್ಣಕ್ಕೂ ಕಾಯದೆ ಹೊರಡಿ.

ಇನ್ನೊಂದು ಕೆಲಸ ಮಕ್ಕಳಿಗೆ. ತಳದಿಂದ ಬಾಯಿಯವರೆಗೆ ಒಂದೇ ಅಗಲವಿರುವ ಡಬ್ಬವೊಂದನ್ನು ಮರ, ಮಾಡಿನಿಂದ ದೂರ, ಬಯಲಿನಲ್ಲಿ ನೆಟ್ಟಗೆ ಇಡಿ. ಹವಾಮಾನ ಕೇಂದ್ರಗಳು ಮಾಡುವಂತೆ ಪ್ರತಿದಿನ ಬೆಳಿಗ್ಗೆ 8.30ಕ್ಕೆ ಅದರಲ್ಲಿನ ನೀರಿನ ಎತ್ತರವನ್ನು ಸ್ಕೇಲಿನಿಂದ ಅಳೆದು, ನೋಟ್‌ಬುಕ್ಕಿನಲ್ಲಿ ಬರೆದು, ನೀರು ಚೆಲ್ಲಿ. ಒಂದು ಸೆಂಟಿಮೀಟರ್ ಎಂದರೆ 10 ಮಿಲಿಮೀಟರ್ ಮಳೆ. 2.5 ಮಿಲಿಮೀಟರ್ ಇದ್ದರೆ ಅದನ್ನು ಮಳೆಯ ದಿನ ಎಂದು ಎಣಿಸಿ. ಮೊದಲ ವರ್ಷ ಅದು ಬರೀ ಹವಾಮಾನದ ಪುಸ್ತಕ. ಬಿಡದೆ ಬರೆದರೆ ಆ ಮಕ್ಕಳು ತಮ್ಮ ಮಕ್ಕಳಿಗೆ ಅದನ್ನು ಕೊಡುವ ಹೊತ್ತಿಗೆ ಅದು ನಿಮ್ಮ ಊರಿನ ವಾಯುಗುಣದ ಪುಸ್ತಕವಾಗಿರುತ್ತದೆ. ಆಗ "ನಮ್ಮ ಕಾಲದಲ್ಲಿ ಹೀಗಿರಲಿಲ್ಲ" ಎನ್ನುವವರು ಪುಟ ತಿರುಗಿಸಿ ತೋರಿಸಬಹುದು.